ಸುಳ್ಳು ಹಾಜರಿ

ವರದಿ ಅಚ್ಚಾದ ದಿನ ಬೆಳಿಗ್ಗೆ ಎಂಟೂವರೆಗೆ ಶಿರೋಳದಿಂದ ಫೋನು ಬಂತು. ಮಾತನಾಡಿದವರು ಬೇರೆಯವರ ಹೊಲಗಳಲ್ಲಿ ಟ್ರ್ಯಾಕ್ಟರ್ ಹೊಡೆಯುವ ಒಬ್ಬ ಚಾಲಕರು.

"ಗಜೇಂದ್ರಗಡದ ಹುಡಿಗಿ ಸುದ್ದಿ ಬರದವ್ರು ನೀವ ಏನ್ರಿ?"

"ಹೌದ್ರಿ."

"ಆಕಿ ಕೂಡ ನಮ್ಮ ಹುಡಿಗಿ ಮಾತಾಡಬೇಕಂತಾಳ್ರಿ. ಮುಂಜಾನಿಂದ ಪೇಪರ್ ಕೈಯಾಗ ಹಿಡಕೊಂಡು ಕುಂತಾಳ. ನಮ್ಮಾಕಿಗೂ ಅದ ಬ್ಯಾನಿ ಐತ್ರಿ, ಕಾಲಾಗ."

ರೋಣದಲ್ಲಿ ಕುಳಿತು ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲ್ಲೂಕುಗಳ ಸುದ್ದಿ ಕಳಿಸುವುದು ನನ್ನ ಕೆಲಸ. ಅಂದಿನ ವರದಿ ಗಜೇಂದ್ರಗಡದ ಒಬ್ಬ ಬಟ್ಟೆ ವ್ಯಾಪಾರಿಯ ಹಿರಿಯ ಮಗಳ ಕುರಿತದ್ದು. ಹದಿನೇಳು ವರ್ಷ, ರಕ್ತದ ಕ್ಯಾನ್ಸರ್. ಆರು ತಿಂಗಳ ಚಿಕಿತ್ಸೆಯ ನಂತರ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕಾಲೇಜಿಗೆ ಮರಳಿದಾಗ, ಗೆಳತಿಯರ ತಾಯಂದಿರು ಅವಳ ಡಬ್ಬಿಯಲ್ಲಿ ಕೈ ಹಾಕಬೇಡಿ ಎಂದು ಮಕ್ಕಳಿಗೆ ಹೇಳಿ ಕಳಿಸಿದ್ದರು. ಮಾತನಾಡಲು ಒಪ್ಪುವಾಗ ಹುಡುಗಿ ಒಂದೇ ಷರತ್ತು ಹಾಕಿದ್ದಳು: "ಇದು ಅಂಟೂದಿಲ್ಲ ಅಂತ ಬರೀರಿ. ದಪ್ಪ ಅಕ್ಷರದಾಗ ಬರೀರಿ." ಅಪ್ರಾಪ್ತೆಯಾದ್ದರಿಂದ ಹೆಸರು, ಚಿತ್ರ ಎರಡೂ ಹಾಕಿರಲಿಲ್ಲ.

ಸುದ್ದಿ ಕೊಟ್ಟವರ ನಂಬರನ್ನು ಬೇರೆಯವರಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ವ್ಯಾಪಾರಿ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ಅವರ ಹೆಂಡತಿ ಫೋನ್ ಮಾಡಿ, "ಮಾತಾಡ್ಲಿ ಬಿಡ್ರಿ. ಆದ್ರ ಮೊದಲನೇ ಸಲ ನೀವೂ ಇರಬೇಕು, ಯಾರೋ ಏನೋ" ಎಂದರು.

ಹಾಗಾಗಿ ಆ ಮೊದಲ ಮಾತಿಗೆ ನಾನು ಸಾಕ್ಷಿ. ಗಜೇಂದ್ರಗಡದ ಮನೆಯ ಪಡಸಾಲೆಯಲ್ಲಿ ನನ್ನ ಫೋನನ್ನು ನಡುವೆ ಇಟ್ಟು ಸ್ಪೀಕರ್ ಹಾಕಿದೆ. ಶಿರೋಳದ ಹುಡುಗಿಯೇ ಮೊದಲು, ಅವಳಿಗೆ ಹದಿನೈದು, ಸಣ್ಣ ದನಿಯಲ್ಲಿ ಕೇಳಿದಳು.

"ಅಕ್ಕಾರ, ನಿಮಗೂ ಆ ಕೆಂಪ ಔಷಧ ಹಾಕಿದ್ರೇನ್ರಿ?"

"ಹಾಕಿದ್ರು. ಮರುದಿನ ಉಚ್ಚಿ ಕೆಂಪಗ ಬಂತಿಲ್ಲ ನಿಂಗ?"

"ಬಂತ್ರಿ! ನಾ ರಕ್ತ ಹೊಂಟೈತಿ ಅಂತ ಚೀರಿ ಇಡೀ ವಾರ್ಡ್ ಕೂಡಿಸಿದ್ನಿ."

"ನಾನೂ! ನಮ್ಮವ್ವ ದೇವರಿಗೆ ಹರಕಿ ಹೊತ್ತಬಿಟ್ಟಿದ್ಲು. ಆಮ್ಯಾಲೆ ಸಿಸ್ಟರ್ ಬಂದು ಔಷಧದ ಬಣ್ಣ ಅಂದ್ರು. ಹರಕಿ ವಾಪಸ್ ತಗೊಳ್ಳಾಕ ಬರ್ತೈತೇನ ಹೇಳು?"

ಇಬ್ಬರೂ ನಕ್ಕರು. ತಾಯಿ ಎದ್ದು ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

"ಅಕ್ಕಾರ, ಮತ್ತ..."

"ಅಕ್ಕಾರ, ರೀ ಎಲ್ಲಾ ಬ್ಯಾಡಲೇ. ನಾ ಏನ್ ನಿಮ್ಮ ಹೆಡ್‌ಮಾಸ್ತರ ಏನ?"

ಅಂದಿನಿಂದ ನನ್ನ ಅಗತ್ಯ ಅವರಿಗೆ ಉಳಿಯಲಿಲ್ಲ. ಆದರೂ ಭೇಟಿಯಾಗಬೇಕೆಂದಾಗ ಜಾಗ ಬೇಕಾಯಿತು. ರೋಣ ಇಬ್ಬರಿಗೂ ನಡುವಿನ ಊರು. ಬಸ್ ನಿಲ್ದಾಣದ ಹಿಂದಿನ ನನ್ನ ಕಚೇರಿ ನೆಲಮಟ್ಟದ ಕೋಣೆ, ಮೆಟ್ಟಿಲಿಲ್ಲ. ಶಿರೋಳದವಳಿಗೆ ಮೊಣಕಾಲಿನ ಮೇಲಿನ ಮೂಳೆ ತೆಗೆದು ಲೋಹದ ಸರಳು ಕೂಡಿಸಿದ್ದರು, ವಾಕರ್ ಹಿಡಿದು ನಡೆಯುತ್ತಿದ್ದಳು. ಹೊರಡುವ ಮೊದಲು ಇಬ್ಬರದೂ ರಕ್ತ ಪರೀಕ್ಷೆ ಆಗಬೇಕಿತ್ತು. ಬಿಳಿ ರಕ್ತಕಣ ಕಡಿಮೆ ಇದ್ದರೆ ಬಸ್ಸಿನ ಗದ್ದಲದಲ್ಲಿ ಕೂಡುವಂತಿಲ್ಲ. ಮೊದಲ ಸಲ ಒಬ್ಬಳದು ಕಡಿಮೆ ಬಂತು, ಎರಡನೇ ಸಲ ಇನ್ನೊಬ್ಬಳದು. ಮೂರನೇ ಸಲ ಬಂದರು, ಮುಖಕ್ಕೆ ಮಾಸ್ಕ್, ಜೊತೆಗೆ ತಾಯಂದಿರು.

"ಕಾಕಾ, ಪೇಪರ್‌ನ್ಯಾಗ ಇಕಿ ಫೋಟೊ ಯಾಕ ಹಾಕಲಿಲ್ರಿ?" ಎಂದು ಕಿರಿಯವಳು ನನ್ನನ್ನು ಕೇಳಿದಳು.

"ಬೋಳ ತಲಿ ಹಾಕಿದ್ರ ಪೇಪರ್ ಯಾರ್ ತಗೋತಾರಲೇ?" ಎಂದಳು ಹಿರಿಯವಳು.

ಆ ದಿನವೇ ಇರಬೇಕು, ಅವರು ಹಾಜರಿಯ ಆಟ ಕಟ್ಟಿದ್ದು. ಇಬ್ಬರೂ ಶಾಲೆ ಕಾಲೇಜು ತಪ್ಪಿದವರು, ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತಿದ್ದವರು. ಹಾಗಾಗಿ ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಮೊಬೈಲಿನಲ್ಲಿ ಧ್ವನಿ ಸಂದೇಶ ಕಳಿಸಿ "ಹಾಜರ್" ಎನ್ನಬೇಕು. ವಾಂತಿ ಆಗುತ್ತಿದ್ದರೂ ಎನ್ನಬೇಕು. ಎನ್ನದಿದ್ದವರು ಮರುದಿನ ಹಾಡು ಹಾಡಬೇಕು. ಟ್ರ್ಯಾಕ್ಟರ್ ಚಾಲಕರು ನನಗೆ ಹೇಳಿದ ಪ್ರಕಾರ, ಕಿಮೋಗೆ ಹೋಗುವುದಿಲ್ಲ ಎಂದು ಹಟ ಹಿಡಿಯುತ್ತಿದ್ದ ಮಗಳು ಆಮೇಲೆ ಒಂದು ಸುತ್ತನ್ನೂ ತಪ್ಪಿಸಲಿಲ್ಲ. "ಮನ್ಯಾಗ ನಾವು ಹೇಳಿದ್ರ ಸಿಟ್ಟು. ಆಕಿ ಅಂದ್ರ ಹುಂ ಅಂತ ಗಾಡಿ ಹತ್ತತಾಳ್ರಿ."

ಬೇಸಿಗೆ ಮುಗಿಯುವ ಹೊತ್ತಿಗೆ ಹಿರಿಯವಳ ರೋಗ ಮರಳಿತು. ಒಸಡಿನಿಂದ ರಕ್ತ, ಕೈ ಮೇಲೆ ನೀಲಿ ಕಲೆ, ಪ್ಲೇಟ್‌ಲೆಟ್ ಕುಸಿತ. ಬಾಗಲಕೋಟೆಯ ದವಾಖಾನೆಯಲ್ಲಿ ಮೊದಲಿಗಿಂತ ಕಠಿಣವಾದ ಚಿಕಿತ್ಸೆ ಆರಂಭಿಸಿದರು. ರೋಗ ಮರಳಿದ್ದನ್ನು ಅವಳೇ ಶಿರೋಳದವಳಿಗೆ ಹೇಳಿದಳು. ಆದರೆ, "ಇನ್ನೊಂದ ಸುತ್ತು ಅಷ್ಟ" ಎಂದು ಸೇರಿಸಿದಳು. ಮೂರನೆಯ ವಾರ ಬಿಳಿ ರಕ್ತಕಣ ತಳಕ್ಕಿಳಿದಾಗ ಸೋಂಕು ರಕ್ತಕ್ಕೆ ಹಬ್ಬಿತು. ಒಂದು ಗುರುವಾರ ಮಧ್ಯಾಹ್ನ ತೀರಿಕೊಂಡಳು.

ಮಣ್ಣು ಕೊಡಲು ಹೋಗಿದ್ದೆ. ಎಲ್ಲ ಮುಗಿದ ಮೇಲೆ ವ್ಯಾಪಾರಿ ನನ್ನನ್ನು ಪಕ್ಕಕ್ಕೆ ಕರೆದರು.

"ಪೇಪರಿಗೆ ಬ್ಯಾಡ್ರಿ. ಮನ್ಯಾಗ ಇನ್ನೊಬ್ಬಾಕಿ ಬೆಳ್ಯಾಕತ್ತಾಳ. ನಾಳೆ ಗಂಡಿನವ್ರು ಬಂದು ಏನ್ ಬ್ಯಾನಿ ಆಗಿತ್ತು ಅಂತ ಕೇಳ್ತಾರ."

ನಮ್ಮ ಜಿಲ್ಲಾ ಪುಟದಲ್ಲಿ ನಿಧನ ವಾರ್ತೆ ಹಾಕಲು ಮನೆಯವರ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲ, ಹಾಕಲಿಲ್ಲ. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ನಿಯಮದ ಪ್ರಕಾರವೇ ಇತ್ತು.

ಭಾನುವಾರ ಶಿರೋಳದ ಚಾಲಕರು ಫೋನ್ ಮಾಡಿದರು. ಅವರಿಗೆ ವಿಷಯ ನಾನೇ ತಿಳಿಸಿದ್ದೆ. ಮಗಳಿಗೆ ಅವರು ಹೇಳಿರಲಿಲ್ಲ.

"ಮೂರು ದಿನ ಆತ್ರಿ, ಆಕಿ ಹಾಜರ್ ಬಂದಿಲ್ಲ ಅಂತ ಊಟ ಬಿಟ್ಟಾಳ. ನಾಳೆ ಹುಬ್ಬಳ್ಳಿಗೆ ಕಿಮೋ ಐತಿ, ಹೋಗೂದಿಲ್ಲ ಅಂತ ಕುಂತಾಳ. ಇನ್ನ ಎರಡ ಸುತ್ತು ಅದಾವ್ರಿ. ಎರಡ! ಈಗ ಹೇಳಿದ್ರ ಪೂರಾ ಬಿಟ್ಟಬಿಡ್ತಾಳ್ರಿ. ಆ ಫೋನಿಂದ ಒಂದ ಮೆಸೇಜ್ ಬಂದ್ರ ಸಾಕು."

ನಾನು ಗಜೇಂದ್ರಗಡಕ್ಕೆ ಹೋದೆ. ತಾಯಿ ಎಲ್ಲ ಕೇಳಿಸಿಕೊಂಡರು. ಒಳಗಿನಿಂದ ಮಗಳ ಫೋನು ತಂದು, ನನ್ನ ಕೈಗೆ ಕೊಡದೆ ಚಾಪೆಯ ಮೇಲಿಟ್ಟರು.

"ನೀವ ಬರೀರಿ. ಅವು ಹ್ಯಾಂಗ ಮಾತಾಡ್ತಿದ್ವು ನಿಮಗ ಗೊತ್ತೈತಿ. ಮತ್ತ ಇದನ್ನ ನಿಮ್ಮ ಕಡೇನ ಇಟಗೋರಿ. ಇದು ಗುಂಯ್ ಅಂದಾಗೊಮ್ಮೆ ನನ್ನ ಜೀವ ಹೋದಂಗಾಗ್ತೈತಿ. ಆಕಿ ದನಿ ಅದರಾಗೈತಿ. ಕೇಳಾಕ ನನ್ನ ಕಡಿಂದ ಆಗೂದಿಲ್ಲ."

ಯಾರೂ ಆಡದ ಮಾತನ್ನು ಅವರ ಬಾಯಿಗೆ ಹಾಕಬಾರದು ಎಂಬುದು ಈ ಕೆಲಸದಲ್ಲಿ ಮೊದಲ ದಿನ ಕಲಿಸುವ ಪಾಠ. ಇಷ್ಟು ವರ್ಷ ಅದನ್ನು ಮುರಿದವನಲ್ಲ. ಅಂದು ಆ ಪಡಸಾಲೆಯಲ್ಲಿ ಕುಳಿತು, ಮೂರು ದಿನದ ಹಿಂದೆ ತೀರಿಕೊಂಡ ಹುಡುಗಿಯ ಹೆಸರಿನಲ್ಲಿ ಟೈಪ್ ಮಾಡಿದೆ: "ಬಾಯಾಗ ಹುಣ್ಣ ಆಗ್ಯಾವಲೇ. ಮಾತಾಡಾಕ ಬರವಲ್ದು, ಅದಕ್ಕ ಬರೀತೀನಿ. ಹಾಜರ್. ನಾಳೆ ಹೋಗಿ ಬಾ." ಕಿಮೋ ಆದವರಿಗೆ ಬಾಯಿಹುಣ್ಣು ಸಾಮಾನ್ಯ. ಅವಳು ನಂಬುತ್ತಾಳೆ ಎಂದು ನನಗೆ ಗೊತ್ತಿತ್ತು. ನಂಬಿದಳು. ಸೋಮವಾರ ಹುಬ್ಬಳ್ಳಿಗೆ ಹೋದಳು.

ಒಂದೇ ಸಂದೇಶ ಎಂದುಕೊಂಡಿದ್ದೆ. ಆದರೆ ಸೋಮವಾರ ಹೊರಡುವ ಮೊದಲೇ ಅವಳ "ಹಾಜರ್" ಬಂತು, ಉತ್ತರ ಕೊಡಬೇಕಾಯಿತು. ಮಂಗಳವಾರವೂ. ಆ ಫೋನು ಹತ್ತೊಂಬತ್ತು ದಿನ ನನ್ನ ಅಂಗಿಯ ಜೇಬಿನಲ್ಲಿತ್ತು. ಬೆಳಿಗ್ಗೆ ಏಳೂವರೆಗೆ ನಾನು ಹಾಜರ್ ಎಂದು ಬರೆಯುತ್ತಿದ್ದೆ, ಆಮೇಲೆ ನನ್ನ ಕೆಲಸಕ್ಕೆ ಹೋಗುತ್ತಿದ್ದೆ. ಹೊಳೆಆಲೂರು ಕಡೆ ನೀರು ಬಂದ ಸುದ್ದಿ, ಈರುಳ್ಳಿ ದರ, ಪುರಸಭೆಯ ಸಭೆ. ಅವಳು ಬರೆಯುತ್ತಿರಲಿಲ್ಲ, ಮಾತನಾಡುತ್ತಿದ್ದಳು. ಉತ್ತರ ಬರೆಯಬೇಕಾದರೆ ಕೇಳಲೇಬೇಕು. ಅಪ್ಪ ಅವ್ವನಿಗೆ ಹೇಳದ್ದನ್ನು, ವೈದ್ಯರಿಗೂ ಹೇಳದ್ದನ್ನು ಅವಳು ಗೆಳತಿಗೆ ಹೇಳುತ್ತಿದ್ದಳು. ಅದನ್ನೆಲ್ಲ ಐವತ್ತರ ಹತ್ತಿರದ ಗಂಡಸೊಬ್ಬ ಬೈಕ್ ನಿಲ್ಲಿಸಿ ಕಿವಿಗೆ ಹಚ್ಚಿಕೊಂಡು ಕೇಳುತ್ತಿದ್ದ. ಅವುಗಳಲ್ಲಿ ಏನಿತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಬರುವ ಒಂದನ್ನು ಮಾತ್ರ ಅವಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಎರಡನೇ ವಾರ ಹುಬ್ಬಳ್ಳಿಯ ಕಿಮೋ ವಾರ್ಡಿನ ಹಿರಿಯ ನರ್ಸ್ ಒಬ್ಬರನ್ನು, ಗೆಳತಿ ತೀರಿಕೊಂಡದ್ದನ್ನು ಯಾವಾಗ ಹೇಳಬೇಕೆಂದು ಕೇಳಿದೆ. ಅವರು ಸ್ಪಷ್ಟವಾಗಿ ಹೇಳಿದರು: "ಲಗೂ ಹೇಳ್ರಿ. ಇಲ್ಲಿ ಬಾಜು ಹಾಸಿಗಿ ಖಾಲಿ ಆದ್ರ ಹುಡುಗ್ರು ನಮ್ಮನ್ನ ಏನೂ ಕೇಳೂದಿಲ್ಲ, ನಮ್ಮ ಮುಖಾ ನೋಡ್ತಾವ. ಸುಳ್ಳು ಹೇಳಿದ್ರ ಮುಂದ ನಾವು ಕೊಡೂ ಗುಳಿಗಿನೂ ನಂಬೂದಿಲ್ಲ." ಕೊನೆಯ ಸುತ್ತು ಮುಗಿಯಲಿ ಎಂದು ನಾನು ಮುಂದೂಡಿದೆ. ಮುಂದೂಡುವುದಕ್ಕೆ ನನಗೆ ಬೇರೆ ಕಾರಣವೂ ಇತ್ತು ಎಂದು ಈಗ ತೋರುತ್ತದೆ. ಆ ಫೋನಿನಲ್ಲಿ ಸತ್ತವಳು ಇನ್ನೂ ಮಾತನಾಡುತ್ತಿದ್ದಳು, ನಿಲ್ಲಿಸುವವನು ನಾನಾಗಬೇಕಿತ್ತು.

ಹತ್ತೊಂಬತ್ತನೆಯ ದಿನ ತಾಲ್ಲೂಕು ಪಂಚಾಯ್ತಿ ಸಭೆಯಲ್ಲಿದ್ದೆ. ಕುಡಿಯುವ ನೀರಿನ ಚರ್ಚೆ ನಡೆದಿತ್ತು. ಜೇಬಿನಲ್ಲಿ ಫೋನು ನಡುಗಿತು. ಅವಳು ಆ ಹೊತ್ತಿನಲ್ಲಿ ಎಂದೂ ಕಳಿಸುತ್ತಿರಲಿಲ್ಲ. ಹೊರಗೆ ಬಂದು ಕೇಳಿದೆ.

"ಎರಡ ದಿನ ಆತು, ಉಸಿರ ತಗೊಂಡ್ರ ಎದಿಯಾಗ ಚುಚ್ಚತೈತಿ. ಸಂಜಿಕ ಮೈ ಬಿಸಿ ಆಗ್ತೈತಿ. ಮನ್ಯಾಗ ಹೇಳಿಲ್ಲ. ನಂದು ಮುಂದ ಎದಿಗೆ ಹೋಗ್ತೈತಿ ಅಂತ ಡಾಕ್ಟರ್ ಒಮ್ಮೆ ಅಪ್ಪನ ಮುಂದ ಅಂದಿದ್ದು ಕೇಳೀನಿ. ನಿಂಗ ಬ್ಯಾನಿ ಮತ್ತ ಬಂದಾಗ ಹಿಂಗ ಆಗಿತ್ತೇನ? ಖರೇ ಹೇಳು. ನೀ ಹೇಳು ಅಂದ್ರ ಅಪ್ಪಗ ಹೇಳ್ತೀನಿ. ಇಲ್ಲಂದ್ರ ಇಲ್ಲ."

"ಅಪ್ಪಗ ಹೇಳು" ಎಂದು ಟೈಪ್ ಮಾಡಿದೆ. ಕಳಿಸಿದ್ದರೆ ಕೆಲಸವಾಗುತ್ತಿತ್ತು. ಆದರೆ ಅವಳು ಕೇಳಿದ್ದು ಅದನ್ನಷ್ಟೇ ಅಲ್ಲ. ನಿನಗೆ ಹೀಗೆ ಆಗಿತ್ತೇ ಎಂದು ಕೇಳಿದ್ದಳು, ನಿಜ ಹೇಳು ಎಂದಿದ್ದಳು. ಉತ್ತರ ಗೊತ್ತಿದ್ದವಳು ಇರಲಿಲ್ಲ. ಹೌದು ಎಂದರೂ ಇಲ್ಲ ಎಂದರೂ ಹದಿನೈದು ವರ್ಷದ ರೋಗಿಗೆ ಅವಳ ಎದೆನೋವಿನ ಬಗ್ಗೆ ನಾನು ಕಟ್ಟಿ ಹೇಳುವ ಮಾತಾಗುತ್ತಿತ್ತು. ಬರೆದದ್ದನ್ನು ಅಳಿಸಿದೆ. ಅವಳ ಅಪ್ಪನಿಗೆ ನನ್ನ ಫೋನಿನಿಂದ ಕರೆ ಮಾಡಿದೆ.

"ಗಾಡಿ ತಯಾರ ಇಡ್ರಿ, ಇವತ್ತ ಹುಬ್ಬಳ್ಳಿಗೆ ಹೋಗಬೇಕು. ಆಕಿಗೆ ಜ್ವರ ಐತಿ. ನಾ ಬರಾಕತ್ತೀನಿ, ಎಲ್ಲಾ ಹೇಳಾಕ."

"ಎಲ್ಲಾ ಅಂದ್ರ?"

"ಎಲ್ಲಾ."

"ಬರ್ರಿ" ಎಂದರು.

ರೋಣದಿಂದ ನರಗುಂದ ದಾಟಿ ಶಿರೋಳ ಮುಟ್ಟಲು ಒಂದು ತಾಸು ಮೇಲೆ ಹಿಡಿಯಿತು. ಹುಡುಗಿ ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು, ಕಾಲು ದಿಂಬಿನ ಮೇಲೆ. ನನ್ನನ್ನು ನೋಡಿ, "ಕಾಕಾ, ನೀವ್ಯಾಕ ಬಂದ್ರಿ? ನಾ ಇನ್ನೂ ಸುದ್ದಿ ಆಗಿಲ್ಲ" ಎಂದು ನಕ್ಕಳು. ಆಮೇಲೆ ಬಾಗಿಲಲ್ಲಿ ನಿಂತ ಅಪ್ಪನ ಮುಖ ನೋಡಿದಳು. ನಗು ನಿಂತಿತು.

ಸುದ್ದಿ ಬರೆಯುವ ಕ್ರಮದಲ್ಲಿಯೇ ಹೇಳಿದೆ. ಯಾರು, ಯಾವ ದಿನ, ಎಲ್ಲಿ, ಯಾವುದರಿಂದ. ಬೇರೆ ರೀತಿ ನನಗೆ ಬರುವುದಿಲ್ಲ.

"ಯಾವ ಗುರುವಾರ?" ಎಂದಳು.

ಹೇಳಿದೆ. ಅವಳು ತನ್ನ ಫೋನು ತೆಗೆದು ಮೇಲಕ್ಕೆ ಸರಿಸುತ್ತ ಹೋದಳು. ಬೆರಳು ಒಂದು ಕಡೆ ನಿಂತಿತು.

"ಮತ್ತ ಈ ಹಾಜರ್ ಯಾರು ಬರದದ್ದು?"

"ನಾನು."

"ಎಲ್ಲಾ?"

"ಎಲ್ಲಾ."

"ನನ್ನವು ಎಲ್ಲಾ ಕೇಳಿದ್ರಿ?"

"ಕೇಳಿದೆ."

ಅಪ್ಪ ಮುಂದೆ ಬಂದರು. "ಬೈಯೂದಿದ್ರ ನನಗ ಬೈಯವಾ. ನಾ ಅವರಿಗೆ ಹೇಳಿದ್ದು. ನಿನ್ನ ಜೀವಕ್ಕ..."

"ನೀ ಸುಮ್ನಿರ ಅಪ್ಪಾ." ಅವಳು ಅಳಲಿಲ್ಲ, ಆಗ ಅಳಲಿಲ್ಲ. ನನ್ನನ್ನೇ ನೋಡುತ್ತ ಹೇಳಿದಳು: "ಆಕಿ ಸತ್ತದ್ದು ಹೇಳಿದ್ರ ನಾ ಅತ್ತು ಕರದು ಹೋಗ್ತಿದ್ನೋ ಏನೋ. ನಿಮಗ ಹ್ಯಾಂಗ ಗೊತ್ತು ಹೋಗ್ತಿದ್ದಿಲ್ಲ ಅಂತ? ಆಕಿಗಂತ ಅಂದದ್ದು ನಾ. ನಿಮಗಲ್ಲ."

ಗಾಡಿ ಬಂದು ನಿಂತಿತ್ತು. ಅವ್ವ ಮುಟ್ಟಲು ಬಂದರೆ ಕೈ ಸರಿಸಿ, ವಾಕರ್ ಹಿಡಿದು ತಾನೇ ನಡೆದು ಹೋಗಿ ಹತ್ತಿದಳು. ಗಾಡಿಯ ಬಾಗಿಲು ಹಾಕಿದ ಮೇಲೆ ಅವಳು ಅತ್ತ ದನಿ ಹೊರಗೆ ಕೇಳಿಸಿತು.

ಎದೆಗೆ ರೋಗ ಹರಡಿರಲಿಲ್ಲ. ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು. ಹನ್ನೊಂದು ದಿನ ಸಲೈನಿನಲ್ಲಿ ಔಷಧ ಏರಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಏನಾಗುತ್ತಿತ್ತು ಎಂದು ನಾನು ವೈದ್ಯರನ್ನು ಕೇಳಲಿಲ್ಲ. ಎಲ್ಲವನ್ನೂ ಕೇಳುವುದು ನನ್ನ ವೃತ್ತಿ; ಇದೊಂದನ್ನು ಕೇಳಲಿಲ್ಲ. ಕೊನೆಯ ಸುತ್ತು ಒಂದು ತಿಂಗಳು ಮುಂದೆ ಹೋಯಿತು. ಹೋಗುವುದಿಲ್ಲ ಎಂದು ಅವಳು ಹಟ ಮಾಡಲಿಲ್ಲ. ನನಗೆ ಫೋನು ಮಾಡಲೂ ಇಲ್ಲ. ಗೆಳತಿಯ ಫೋನನ್ನು ನಾನು ಅದೇ ವಾರ ಗಜೇಂದ್ರಗಡದ ತಾಯಿಗೆ ಮರಳಿಸಿದ್ದೆ. ಅವರು ಅದನ್ನು ಸೀರೆಯ ಮಡಿಕೆಯೊಳಗಿಟ್ಟು ಟ್ರಂಕು ಮುಚ್ಚಿದರು.

ಚಿಕಿತ್ಸೆ ಮುಗಿದು ಕೆಲವು ವಾರಗಳಾದ ಮೇಲೆ ಚಾಲಕರು ಕರೆ ಮಾಡಿದರು. "ಗಜೇಂದ್ರಗಡಕ್ಕ ಹೋಗಬೇಕಂತಾಳ್ರಿ, ಆಕಿ ಅವ್ವನ್ನ ನೋಡಾಕ. ನೀವೂ ಬರಬೇಕಂತ. ಯಾಕಂತ ಹೇಳವಲ್ಲಳು."

ಹೋದೆ. ಅದೇ ಪಡಸಾಲೆ. ಹುಡುಗಿ ಈಗ ಒಂದು ಕೋಲಿನ ಮೇಲೆ ನಡೆಯುತ್ತಿದ್ದಳು, ತಲೆಯ ಮೇಲೆ ಅರ್ಧ ಬೆರಳು ಕೂದಲು ಬಂದಿತ್ತು. ತಾಯಿ ಆ ಕೂದಲ ಮೇಲೆ ಕೈ ಇಟ್ಟವರು ತೆಗೆಯಲೇ ಇಲ್ಲ. ಚಹಾ ಬಂತು, ಯಾರೂ ಕುಡಿಯಲಿಲ್ಲ. ಸ್ವಲ್ಪ ಹೊತ್ತಿನ ನಂತರ ಹುಡುಗಿ, "ಅವ್ವಾರ, ಆಕಿ ಫೋನ್ ತರ್ತೀರೇನ್ರಿ?" ಎಂದಳು. ತಾಯಿ ತಂದರು. ಚಾರ್ಜ್ ಆಗುವವರೆಗೆ ಕಾದೆವು. ಹುಡುಗಿ ಅದನ್ನು ನನ್ನ ಕಡೆ ಚಾಚಿದಳು.

"ನೀವು ಬರದದ್ದು ನೀವ ಅಳಸ್ರಿ. ಒಂದೊಂದ. ಆಕೀವು ಮುಟ್ಟಬ್ಯಾಡ್ರಿ."

ಅಳಿಸಿದೆ. ಹತ್ತೊಂಬತ್ತು ಹಾಜರ್, ಅವುಗಳ ನಡುವಿನ ಉಳಿದ ಮಾತುಗಳು. ಅವಳು ಪಕ್ಕದಲ್ಲಿ ಕುಳಿತು ಒಂದೊಂದನ್ನೂ ನೋಡಿದಳು. ತಾನು ಆ ದಿನಗಳಲ್ಲಿ ಕಳಿಸಿದ್ದನ್ನು ತಾನೇ ಅಳಿಸಿದಳು. ಕೊನೆಗೆ ಅವರಿಬ್ಬರೇ ಆಡಿಕೊಂಡ ಮಾತುಗಳಷ್ಟೇ ಉಳಿದವು, ಆ ಗುರುವಾರದ ಹಿಂದಿನ ದಿನದವರೆಗೆ. ಅವಳು ಸರಿಸುತ್ತ ಹೋಗಿ ಕೆಲವನ್ನು ದಾಟಿದಳು. "ಇವು ಬ್ಯಾಡ. ಇವು ನಮ್ಮಿಬ್ಬರವು" ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಕಡೆ ನಿಲ್ಲಿಸಿ ತಾಯಿಯ ಮುಖ ನೋಡಿದಳು.

"ನಿಮ್ಮ ಸುದ್ದಿ ಆಡ್ಯಾಳ್ರಿ ಇದರಾಗ. ಹಚ್ಚಲಿ?"

ತಾಯಿ ಸೆರಗನ್ನು ಬಾಯಿಗೆ ಒತ್ತಿ ಕುಳಿತಿದ್ದರು. ಅದನ್ನು ತೆಗೆದು, "ಹಚ್ಚವಾ" ಎಂದರು.

ಹುಡುಗಿ ನನ್ನ ಕಡೆ ತಿರುಗಿದಳು. "ನೀವು ಹೊರಗ ಇರ್ರಿ."

ನಾನು ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಬಾಗಿಲು ಮುಚ್ಚಿಕೊಂಡಿತು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಳಗಿನಿಂದ ಒಂದು ದನಿ ಬಂತು, ವೇಗದ ಮಾತು, ನಡುವೆ ನಗು. ಏನೆಂದು ತಿಳಿಯುವಷ್ಟು ಸ್ಪಷ್ಟವಿರಲಿಲ್ಲ. ನಾನು ಕಿವಿಗೊಡಲಿಲ್ಲ.

ವ್ಯಾಪಾರಿ ಅಂಗಡಿಯಿಂದ ಊಟಕ್ಕೆ ಬರುತ್ತಿದ್ದರು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು.

"ಒಳಗ ಯಾರ್ರಿ ಮಾತಾಡಾಕತ್ತಾರ?"

ಅವರು ಚಪ್ಪಲಿ ಕಳೆಯುವುದನ್ನೂ ಮರೆತು ಬಾಗಿಲು ದೂಡಿಕೊಂಡು ಒಳಗೆ ಹೋದರು.